ಬಾಗಿದ ಕೊಕ್ಕಿನದೆಲ್ಲ ಹದ್ದಲ್ಲ: ಹೊಲದ ಮಿಡತೆ ಹಿಡಿಯುವ ಬೇಟೆ ಹಕ್ಕಿಗಳು

ಹೊಲದ ಮೇಲೆ ಹದ್ದು ಸುತ್ತಿದರೆ ಕೋಳಿಮರಿಗೆ ಕುತ್ತು, ಮನೆ ಮೇಲೆ ಗೂಬೆ ಕೂಗಿದರೆ ಸಾವು. ಈ ಧಾಟಿಯ ಫಾರ್ವರ್ಡ್‌ಗಳು ನಿಮಗೂ ಬಂದಿರಬಹುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸುತ್ತ ನೀವು ನೋಡುವ ಬೇಟೆ ಹಕ್ಕಿಗಳಲ್ಲಿ ಹಲವು ಹೊಟ್ಟೆ ಹೊರೆಯುವುದು ಹುಳುಗಳಿಂದಲೇ.

ಚಳಿಗಾಲದಲ್ಲಿ ಕೊಯ್ಲಾದ ರಾಗಿ ಹೊಲದ ಮೇಲೆ ಗಾಳಿಗೆ ಮುಖ ಕೊಟ್ಟು, ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುವ ಕಂದು ಹಕ್ಕಿ ಚಾಣ. ಅದರ ಆಹಾರ ಮಿಡತೆ, ಜೀರುಂಡೆ, ಹಲ್ಲಿ, ಇಲಿ. ಬೂದು-ಬಿಳಿ ಮೈ, ಕೆಂಪು ಕಣ್ಣಿನದಾದರೆ ರಾಮದಾಸ ಹದ್ದು. ಇದಕ್ಕೆ ಇಲಿ ಮೊದಲು, ಮಿಡತೆ ಆಮೇಲೆ. ಜೇನುಗಿಡುಗ ಜೇನು ಮತ್ತು ಕಣಜದ ಗೂಡು ಕಿತ್ತು ಮರಿಹುಳು ತಿನ್ನುತ್ತದೆ. ಕುಟುಕು ತಾಗದಂತೆ ಅದರ ಮುಖದ ಮೇಲೆ ಹುರುಪೆಯಂಥ ಗಟ್ಟಿ ಗರಿಗಳಿವೆ. ಮರದ ಪೊಟರೆಯ ಹಾಲಕ್ಕಿ, ಅಂದರೆ ಬುಡಬುಡಿಕೆಯವರು ಶಕುನ ಹೇಳುವ ಪುಟ್ಟ ಗೂಬೆ, ಬೀದಿದೀಪದಡಿ ಹುಳು ಹಿಡಿಯಲು ಊರೊಳಗೆ ಬರುತ್ತದೆ. ಅದು ಕೂಗುವುದು ತನ್ನ ಜೋಡಿಗೆ, ನಮಗಲ್ಲ. ಇನ್ನು ಕೋಳಿಮರಿಯ ದೂರು ಪೂರ್ತಿ ಸುಳ್ಳಲ್ಲ. ಹದ್ದು, ಬಿಜ್ಜು ಮರಿ ಎತ್ತುವುದುಂಟು. ಆ ತಪ್ಪಿಗೆ ಚಾಣಕ್ಕೆ ಕವಣೆಕಲ್ಲು ಏಕೆ?

ಇವೆಲ್ಲ ಒಂದೇ ಕುಲವೇ? ಅಲ್ಲ. ಹದ್ದು, ಗಿಡುಗ, ಬಿಜ್ಜು ಒಂದು ಗಣ. ಗೂಬೆಗಳದು ಬೇರೆ. ಚಾಣವನ್ನು ಹಿಂದೆ ಹದ್ದಿನ ಜೊತೆ ಸೇರಿಸುತ್ತಿದ್ದರು. 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಡಿಎನ್ಎ ಅಧ್ಯಯನ ಅದು ಗಿಳಿ, ಗುಬ್ಬಚ್ಚಿಗಳಿಗೇ ಹತ್ತಿರದ ನೆಂಟ ಎಂದು ತೋರಿಸಿತು! ಹದ್ದಿನ ಕುಲ ಉಗುರಿನಿಂದ ಕೊಲ್ಲುತ್ತದೆ. ಚಾಣದ ಕುಲ ಕೊಕ್ಕಿನಲ್ಲಿರುವ ಹಲ್ಲಿನಂಥ ಮೊನೆಯಿಂದ ಕತ್ತು ಮುರಿಯುತ್ತದೆ. ತಂತಿ ಮೇಲೆ ಕೂರುವ ಕಳಿಂಗಕ್ಕೂ ಕೊಕ್ಕು ಬಾಗಿದೆ, ಹುಳುವನ್ನು ಮುಳ್ಳಿಗೆ ಚುಚ್ಚಿಡುತ್ತದೆ. ಆದರೂ ಅದು ಗುಬ್ಬಚ್ಚಿ ಗಣದ್ದು.

ಹುಳು ತಿನ್ನುವ ಹಕ್ಕಿಗೆ ದೊಡ್ಡ ಅಪಾಯ ಆ ಹುಳುವೇ. 1995-96ರಲ್ಲಿ ಅರ್ಜೆಂಟೀನಾದಲ್ಲಿ ಮಿಡತೆಗೆಂದು ಮಾನೋಕ್ರೋಟೋಫಾಸ್ ಸಿಂಪಡಿಸಿದಾಗ ಸಾವಿರಾರು ಸ್ವೈನ್‌ಸನ್ ಗಿಡುಗಗಳು ಹೊಲದಲ್ಲೇ ಸತ್ತು ಬಿದ್ದವು. ಈ ಔಷಧಿಯ ಹೆಸರು ನಮ್ಮ ರೈತರಿಗೂ ಹೊಸದಲ್ಲ. ಸಿಂಪಡಿಸಿದ ಹೊಲದಲ್ಲಿ ಹಾರಲಾರದೆ ಕೂತ ಹಕ್ಕಿ ಕಂಡರೆ ಬರಿಗೈಲಿ ಮುಟ್ಟಬೇಡಿ, ಬಾಯಿಗೆ ನೀರು ಹಾಕಬೇಡಿ. ಬಟ್ಟೆ ಹೊದಿಸಿ, ಗಾಳಿಯಾಡುವ ಡಬ್ಬದಲ್ಲಿಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಸಾಕಲು ಇಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾಗುತ್ತದೆ.