ಪಿಂಜಾರರ ಬಿಲ್ಲಿನಲ್ಲಿ ಅಡಗಿದ ಬಲ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಊರುಗಳಲ್ಲಿ ಮದುವೆಯ ಹಂಗಾಮು ಬಂತೆಂದರೆ ಹಿಂದೆ ಪಿಂಜಾರರ ಕೈಗೆ ಬಿಡುವಿರುತ್ತಿರಲಿಲ್ಲ. ಹೊಸ ಗಾದಿ, ತಲೆದಿಂಬುಗಳಿಗೆ ಅರಳೆ ಹಿಂಜಬೇಕು. ಹಳೆಯ ಗಾದಿಯಲ್ಲಿ ಗಂಟುಗಟ್ಟಿದ ಹತ್ತಿಯನ್ನು ಬಿಚ್ಚಿ ಮತ್ತೆ ಹಗುರ ಮಾಡಬೇಕು. ಅದಕ್ಕೆ ಅವರು ಬಳಸುತ್ತಿದ್ದುದು ಒಂದು ಬಿಲ್ಲು. ಯುದ್ಧದ ಬಿಲ್ಲನ್ನು ಕುರಿತು ಪುರಾಣ, ಇತಿಹಾಸಗಳು ಸಾಕಷ್ಟು ಹೇಳಿವೆ. ಬಟ್ಟೆ ಮತ್ತು ಹಾಸಿಗೆಗೆ ಆಧಾರವಾದ ಈ ಬಿಲ್ಲಿನ ಕಥೆ ಮಾತ್ರ ಬಹುತೇಕ ಹೇಳದೆಯೇ ಉಳಿದಿದೆ.

ಉದ್ದನೆಯ ಮರದ ದಂಡ, ಅದರ ಒಂದು ತುದಿಗೆ ಅಗಲವಾದ ಹಲಗೆ, ಎರಡೂ ತುದಿಗಳ ನಡುವೆ ಬಿಗಿದ ತಂತಿ. ಇದೇ ಹಿಂಜುವ ಬಿಲ್ಲು. ತಂತಿ ಕಬ್ಬಿಣದ್ದಲ್ಲ, ಪ್ರಾಣಿಯ ಕರುಳನ್ನು ಹುರಿ ಮಾಡಿದ್ದು. ಭಾರವಾದ ಈ ಬಿಲ್ಲನ್ನು ಗೋಡೆಗೋ ಮಾಡಿಗೋ ಕಟ್ಟಿದ ಬಳುಕುವ ಬಿದಿರಿನಿಂದ ತೂಗುಬಿಡುವುದೂ ಉಂಟು. ಕೂತವನು ತಂತಿಯನ್ನು ಅರಳೆಯ ರಾಶಿಗೆ ತಾಗಿಸಿ, ಎರಡೂ ಕಡೆ ಗುಂಡಾದ ಮರದ ಕೊಡತಿಯಿಂದ ಮೀಟುತ್ತಾನೆ. ಕೊಡತಿಯ ಅಂಚಿಗೆ ಸಿಕ್ಕ ತಂತಿ ಹಿಗ್ಗುತ್ತದೆ, ಜಾರಿದೊಡನೆ ಹಿಂದಕ್ಕೆ ಚಿಮ್ಮಿ ಕಂಪಿಸುತ್ತದೆ. ಆ ಕಂಪನಕ್ಕೆ ಎಳೆಗಳು ಬಿಡಿಬಿಡಿಯಾಗಿ ಹಾರುತ್ತವೆ, ದೂಳು ಮತ್ತು ಕಸ ಕೆಳಗೆ ಬೀಳುತ್ತವೆ.

ಇಲ್ಲಿ ನಡೆಯುವುದು ಏನು? ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಇದಕ್ಕೆ ಉತ್ತರ ಕೊಡುತ್ತದೆ. ಸ್ಪ್ರಿಂಗನ್ನು ಎಷ್ಟು ಎಳೆದರೆ ಅದು ಅಷ್ಟೇ ಪ್ರಮಾಣದಲ್ಲಿ ಹಿಂದಕ್ಕೆ ಸೆಳೆಯುತ್ತದೆ ಎಂಬುದು ಅದರ ಸಾರ. ಎಳೆತ ಇಮ್ಮಡಿಯಾದರೆ ಸೆಳೆತವೂ ಇಮ್ಮಡಿ. ಆದರೆ ಒಳಗೆ ಕೂಡಿಟ್ಟ ಶಕ್ತಿ ಇಮ್ಮಡಿಯಲ್ಲ, ನಾಲ್ಕು ಪಟ್ಟು. ಎಳೆದ ದೂರವೂ ಹೆಚ್ಚಿತು, ಎಳೆಯಲು ಹಾಕಿದ ಬಲವೂ ಹೆಚ್ಚಿತು ಎಂಬುದೇ ಇದಕ್ಕೆ ಕಾರಣ. ಬೇಟೆಯ ಬಿಲ್ಲೊಂದನ್ನು ಅರ್ಧ ಮೀಟರ್ ಎಳೆಯುವಷ್ಟರಲ್ಲಿ ಅದರ ಸೆಳೆತ 20 ಕಿಲೋ ಭಾರದಷ್ಟಾಯಿತು ಎನ್ನೋಣ. ಆಗ ಅದರಲ್ಲಿ ಸೇರಿದ ಶಕ್ತಿ 5 ಕಿಲೋ ಜೋಳದ ಚೀಲವನ್ನು ಒಂದು ಮೀಟರ್ ಎತ್ತುವಷ್ಟು. ತೋಳು ನಿಧಾನವಾಗಿ ತುಂಬಿದ್ದನ್ನು ಬಿಲ್ಲು ಕ್ಷಣಾರ್ಧದಲ್ಲಿ ಬಿಟ್ಟುಕೊಡುತ್ತದೆ. ಪಿಂಜಾರರ ತಂತಿಯಲ್ಲಿ ಒಂದೊಂದು ಮೀಟಿಗೆ ಸೇರುವ ಶಕ್ತಿ ಇದಕ್ಕಿಂತ ಬಹಳ ಕಡಿಮೆ. ಅದು ಕಡಿಮೆ ಇರುವುದರಿಂದಲೇ ಎಳೆ ಹರಿಯದೆ ಬಿಡಿಸಿಕೊಳ್ಳುತ್ತದೆ.

ಕರುಳಿನ ಆಯ್ಕೆಯಲ್ಲೂ ಅರ್ಥವಿದೆ. ಉಕ್ಕಿಗಿಂತ ಕರುಳು ಹೆಚ್ಚು ಹಿಗ್ಗಿ ತಾಳಿಕೊಳ್ಳುತ್ತದೆ. ಯುದ್ಧದ ಬಿಲ್ಲುಗಳಲ್ಲೂ ಇದೇ ಬಗೆಯ ತಿಳಿವಳಿಕೆ ಕಾಣುತ್ತದೆ. ಮಧ್ಯ ಏಷ್ಯಾದ ಕುದುರೆ ಸವಾರರು ಮರಕ್ಕೆ ಒಳಮೈಯಲ್ಲಿ ಕೊಂಬನ್ನೂ ಹೊರಮೈಯಲ್ಲಿ ಪ್ರಾಣಿಗಳ ಸ್ನಾಯುರಜ್ಜುವನ್ನೂ ಅಂಟಿಸಿ ಗಿಡ್ಡ ಬಿಲ್ಲಿಗೆ ದೊಡ್ಡ ಬಲ ತಂದರು. ಆನೆಗೊಂದಿಯ ಆಚೆ ದಡದ ವಿಜಯನಗರದಲ್ಲಿ ಇಮ್ಮಡಿ ದೇವರಾಯ ಬಹಮನಿಗಳ ಎದುರು ಸೋತ ಮೇಲೆ ಮುಸ್ಲಿಂ ಬಿಲ್ಲುಗಾರರನ್ನು ಸೇನೆಗೆ ಸೇರಿಸಿಕೊಂಡು ತನ್ನವರಿಗೂ ಬಿಲ್ವಿದ್ಯೆ ಕಲಿಸಿದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಅದೇ ಅರಸನ ಕಾಲದಲ್ಲಿ, 1439ರಲ್ಲಿ, ಅಹ್ಮದ್ ಖಾನ್ ಹಂಪಿಯಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ಇದೆ.

ಹತ್ತಿಯ ಬಿಲ್ಲು ನಮ್ಮಲ್ಲಿಗೆ ಬಂದುದು ಯಾವಾಗ ಎಂಬುದು ವಿವಾದದ ವಿಷಯ. ರಾಟೆಯಂತೆ ಇದೂ ತುರ್ಕರೊಡನೆ 13-14ನೇ ಶತಮಾನದಲ್ಲಿ ಬಂತೆಂಬ ವಾದವನ್ನು ಇರ್ಫಾನ್ ಹಬೀಬ್ ಮುಂದಿಟ್ಟರು. ದಕ್ಷಿಣ ಭಾರತದ ನೇಕಾರಿಕೆಯ ಇತಿಹಾಸ ಬರೆದ ವಿಜಯಾ ರಾಮಸ್ವಾಮಿ ಇದನ್ನು ಒಪ್ಪಲಿಲ್ಲ. ಇಂಥ ಉಪಕರಣಗಳು ಇಲ್ಲಿ ಮೊದಲೇ ಇದ್ದವೆಂಬುದು ಅವರ ನಿಲುವು. ಕನ್ನಡದ ಮಾತುಗಳಲ್ಲಿ ಎರಡೂ ಲೋಕಗಳು ಒಟ್ಟಿಗಿವೆ. ‘ಹಿಂಜು’ ಎಂಬುದು ಕನ್ನಡದ ಬಳಕೆಯ ಕ್ರಿಯಾಪದ, ‘ನದಾಫ್’ ಎಂಬುದು ಹತ್ತಿ ಹಿಂಜುವವ ಎಂಬರ್ಥದ ಅರಬ್ಬಿ ಪದ. ಈ ಕಸುಬಿನವರು ಧರ್ಮದಿಂದ ಮುಸ್ಲಿಮರು. ಹಲವೆಡೆ ಅವರ ಮನೆಮಾತು ಕನ್ನಡವೇ.

ಹಿಂಜದೆ ಹಂಜಿಯಿಲ್ಲ, ಹಂಜಿಯಿಲ್ಲದೆ ನೂಲಿಲ್ಲ. ಸಾಬರಮತಿ ಆಶ್ರಮದಲ್ಲಿ ಖಾದಿ ಆರಂಭವಾದಾಗ ರಾಟೆ ಸಿಕ್ಕರೂ ಹಂಜಿ ಸಿಗದೆ, ತಿಂಗಳ ಸಂಬಳದ ಮೇಲೆ ಹಿಂಜುವವನೊಬ್ಬನನ್ನು ಗೊತ್ತುಮಾಡಬೇಕಾಯಿತೆಂದು ಗಾಂಧೀಜಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನೂಲುವವರ ಹಿಂದೆ ನಿಂತ ಈ ಕೈಗಳನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ.

ಗಿರಣಿಗಳು ನೂಲಿನ ಕೆಲಸ ಕಿತ್ತುಕೊಂಡ ಮೇಲೆ ಪಿಂಜಾರರಿಗೆ ಉಳಿದದ್ದು ಗಾದಿ. ಹಿಂಜುವ ಯಂತ್ರ, ಫೋಮಿನ ಹಾಸಿಗೆಗಳು ಬಂದು ಅದೂ ಕೈಜಾರಿತು. ಕರ್ನಾಟಕದಲ್ಲಿ ಈ ಸಮುದಾಯವನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಸೇರಿಸಲಾಗಿದೆ. ಕಸುಬು ಹೋಗಿದ್ದಕ್ಕೆ ಬರೀ ಮರುಗಬೇಕಾಗಿಯೂ ಇಲ್ಲ. ದಿನವಿಡೀ ಹತ್ತಿಯ ದೂಳಿನಲ್ಲಿ ಉಸಿರಾಡಿದರೆ ಶ್ವಾಸಕೋಶ ಕೆಡುತ್ತದೆಂಬುದು ವೈದ್ಯರು ಬಲ್ಲ ಸಂಗತಿ. ಬಿಲ್ಲು ಬಿಟ್ಟ ಮನೆಯ ಮಕ್ಕಳು ಶಾಲೆಗೆ ಹೋಗುವಂತಾದರೆ ಅದು ಒಳ್ಳೆಯದೇ.

ಆದರೆ ಆ ಶಾಲೆಯಲ್ಲಿ ಹುಕ್‌ನ ನಿಯಮವನ್ನು ಕಲಿಸುವಾಗ ತೋರಿಸುವುದು ಪೇಟೆಯಿಂದ ತಂದ ಸ್ಪ್ರಿಂಗನ್ನು. ಊರಿನ ಯಾವುದೋ ಅಟ್ಟದ ಮೇಲೆ ತಂತಿ ಸಡಿಲಾಗಿ ಮಲಗಿರುವ ಬಿಲ್ಲೂ ಅದೇ ಪಾಠ ಹೇಳಬಲ್ಲದು. ಅದನ್ನು ಮೀಟಿ ತೋರಿಸಬಲ್ಲವರು ಇನ್ನೂ ಇರುವಾಗಲೇ ಒಮ್ಮೆ ಇಳಿಸಿ ನೋಡುವುದು ಮೇಲು.