ಬರೀ ಟೆಸ್ಟಿಂಗಾ?

ಇವತ್ತು ರಾಜಕೀಯ ಬೇಡ. ಒಂದು ಪ್ರಶ್ನೆ ಇಟ್ಕೊಂಡು ಬಂದಿದ್ದೀನಿ. ಪ್ರಶ್ನೆ ನನ್ನದಲ್ಲ, ಬನಶಂಕರಿಯ ನಮ್ಮ ಪಕ್ಕದ ಮನೆ ಆಂಟಿಯದು.

ಕಳೆದ ಭಾನುವಾರ ಬಿಡಿಎ ಕಾಂಪ್ಲೆಕ್ಸ್ ಹತ್ತಿರ ತರಕಾರಿ ತಗೊಳ್ತಾ ಸಿಕ್ಕಿದ್ರು. ಮಗಳು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿದ್ದಾಳೆ, ಚಿಪ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಖುಷಿಯಾಗಿರಬೇಕಲ್ವಾ? ಇಲ್ಲ. ಮುಖ ಸಪ್ಪಗಿತ್ತು. "ಏನ್ ಮಾಡೋದಪ್ಪಾ, ಡಿಸೈನ್ ಸಿಗಲಿಲ್ಲ. ಬರೀ ಟೆಸ್ಟಿಂಗ್ ಅಂತೆ. ನೀನೂ ಎಂಜಿನಿಯರಿಂಗ್ ಓದಿದವನೇ ತಾನೆ, ಅದರಲ್ಲಿ ಮುಂದೆ ಬರೋಕಾಗುತ್ತಾ?" ಅಂದ್ರು.

ಆ ‘ಬರೀ’ ಅನ್ನೋ ಪದ ನನ್ನ ತಲೆಯಲ್ಲೇ ಕೂತುಬಿಡ್ತು. ಯಾಕಂದ್ರೆ ಈ ಊರಿನ ಚಿಪ್ ಚರಿತ್ರೆ ತೆಗೆದು ನೋಡಿದ್ರೆ, ಬೆಂಗಳೂರು ದೊಡ್ಡದಾಗಿದ್ದೇ ಆ ‘ಬರೀ’ ಕೆಲಸದಿಂದ. ಆಂಟಿಗೆ ಅಲ್ಲಿ ನಿಂತು ಪೂರ್ತಿ ಉತ್ತರ ಹೇಳೋಕಾಗಲಿಲ್ಲ. ಇಲ್ಲಿ ಹೇಳ್ತೀನಿ.

ಒಂದು ಫೋಟೋ ನೀವೆಲ್ಲ ನೋಡಿರ್ತೀರಿ. ವಾಟ್ಸಾಪ್‌ನಲ್ಲಿ ವರ್ಷಕ್ಕೆರಡು ಸಲ ಬರುತ್ತೆ. ಎತ್ತಿನ ಗಾಡಿ ಮೇಲೆ ಉಪಗ್ರಹ. ಕೆಳಗೆ ಒಂದು ಸಾಲು: "ನೋಡಿ, ಆಗ ಇಸ್ರೋ ಎಷ್ಟು ಬಡವಾಗಿತ್ತು." ತಪ್ಪು! ಅದು ಬಡತನದ ಫೋಟೋ ಅಲ್ಲ. ಅದು ಟೆಸ್ಟಿಂಗ್ ಫೋಟೋ.

ಆ ಉಪಗ್ರಹದ ಹೆಸರು ಆ್ಯಪಲ್. ಯು.ಆರ್. ರಾವ್ ಅವರು ಬೆಂಗಳೂರಿನ ಉಪಗ್ರಹ ಕೇಂದ್ರದ ನಿರ್ದೇಶಕರಾಗಿದ್ದ ಕಾಲ. ಕೈಗಾರಿಕಾ ಶೆಡ್ಡುಗಳಲ್ಲಿ, ಎರಡೇ ವರ್ಷದಲ್ಲಿ ಕಟ್ಟಿದ ಸಂಪರ್ಕ ಉಪಗ್ರಹ. ಅದರ ಆಂಟೆನಾ ಸರಿಯಾಗಿ ಕೆಲಸ ಮಾಡುತ್ತಾ ಅಂತ ಬಯಲಲ್ಲಿ ಇಟ್ಟು ಪರೀಕ್ಷೆ ಮಾಡಬೇಕಿತ್ತು. ಲಾರಿ ಮೇಲೆ ಇಟ್ರೆ ಲಾರಿಯ ಕಬ್ಬಿಣಕ್ಕೇ ತರಂಗ ಬಡಿದು ವಾಪಸ್ ಬರುತ್ತೆ, ಲೆಕ್ಕ ತಪ್ಪುತ್ತೆ. ಲೋಹ ಕಡಿಮೆ ಇರೋ ಗಾಡಿ ಬೇಕು. ಯಾವುದು? ಎತ್ತಿನ ಗಾಡಿ! ಮರದ ಗಾಡಿ ಬಾಡಿಗೆಗೆ ತಂದ್ರು, ಪರೀಕ್ಷೆ ಮುಗಿಸಿದ್ರು. 1981ರ ಜೂನ್ 19ರಂದು ಆ್ಯಪಲ್ ಹಾರಿತು. ಮೇಲೆ ಹೋದ ಮೇಲೆ ಒಂದು ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ. ಆದ್ರೂ ಎರಡು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿತು.

ಇದು ಮೊದಲನೇ ಗಾಡಿ. ಈ ಊರಿನ ಚರಿತ್ರೆಯಲ್ಲಿ ಇನ್ನೊಂದು ಎತ್ತಿನ ಗಾಡಿ ಇದೆ. ಅದಕ್ಕೆ ಬರೋ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗೋಣ.

1954. ಜಯನಗರ ಅನ್ನೋ ಹೊಸ ಬಡಾವಣೆಗೆ ಇನ್ನೂ ಆರು ವರ್ಷ. ಊರಿನ ಆ ತುದಿಯಲ್ಲಿ, ಜಾಲಹಳ್ಳಿಯಲ್ಲಿ, ಬಿಇಎಲ್ ಶುರುವಾಯ್ತು. 1961ರಲ್ಲಿ ರೇಡಿಯೋ ವಾಲ್ವ್. 1962ರಲ್ಲಿ ಜರ್ಮೇನಿಯಂ ಸೆಮಿಕಂಡಕ್ಟರ್. 1967ರಲ್ಲಿ ಸಿಲಿಕಾನ್ ಸಾಧನಗಳು ಮತ್ತು ಐಸಿ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಜ್ಯಾಕ್ ಕಿಲ್ಬಿ ಮೊದಲ ಐಸಿ ಮಾಡಿ ತೋರಿಸಿದ್ದು 1958ರ ಸೆಪ್ಟೆಂಬರ್‌ನಲ್ಲಿ. ಲೆಕ್ಕ ಹಾಕಿ. ಒಂಬತ್ತೇ ವರ್ಷದ ಅಂತರ. ಆವಾಗ ನಮ್ಮ ಕೈಯಲ್ಲಿ ಕೆಲಸ ಇತ್ತು. ಕೈ ಅಂದ್ರೆ ನಿಜವಾದ ಕೈ. ಕುಲುಮೆ, ರಾಸಾಯನಿಕ, ಸೂಕ್ಷ್ಮದರ್ಶಕ, ಎಲ್ಲ ಇಲ್ಲೇ.

1976ರಲ್ಲಿ ಕಿಯೋನಿಕ್ಸ್ ಬಂತು. ಆರ್.ಕೆ. ಬಾಳಿಗಾ ಅನ್ನೋ ಎಂಜಿನಿಯರ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆ ಜಾಗದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಕನಸು ಕಂಡ್ರು. ಇವತ್ತು ಜೆ.ಪಿ. ನಗರದಿಂದ, ಬಿಟಿಎಂನಿಂದ ಬೆಳಗ್ಗೆ ಎದ್ದು ಸಿಲ್ಕ್ ಬೋರ್ಡ್‌ನಲ್ಲಿ ನಿಂತು ಬೈಕೊಳ್ತೀರಲ್ಲ, ಆ ದಾರಿ ಹೋಗೋದು ಆ ಕನಸಿನ ಕಡೆಗೇ.

ಈಗ 1985. ಎರಡನೇ ಗಾಡಿ. ಕಿಲ್ಬಿ ಕೆಲಸ ಮಾಡಿದ್ದ ಅದೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಮಿಲ್ಲರ್ಸ್ ರಸ್ತೆಯಲ್ಲಿ ಆಫೀಸು. ಕೆಲಸ ಏನು? ಚಿಪ್ ವಿನ್ಯಾಸಕ್ಕೆ ಬೇಕಾದ ಸಾಫ್ಟ್‌ವೇರು, ಆಮೇಲೆ ಚಿಪ್ ವಿನ್ಯಾಸ. ಇಲ್ಲಿ ಮಾಡಿದ್ದನ್ನ ಹೊರದೇಶಕ್ಕೆ ಕಳಿಸಬೇಕು. ಫೋನ್ ಮಾಡೋಕೇ ಟ್ರಂಕ್ ಕಾಲ್ ಬುಕ್ ಮಾಡಿ ಕಾಯ್ತಿದ್ದ ಕಾಲ ಅದು. ಅದಕ್ಕೇ ಉಪಗ್ರಹ ಸಂಪರ್ಕ ಬೇಕು, ಡಿಶ್ ಆಂಟೆನಾ ಬೇಕು, ಸರ್ಕಾರದ ಅನುಮತಿ ಮೇಲೆ ಅನುಮತಿ ಬೇಕು. ಎಲ್ಲ ಆಯ್ತು. ಆ ಡಿಶ್ ಬಂದಿದ್ದು ಎತ್ತಿನ ಗಾಡಿಯಲ್ಲಿ!

ಇಲ್ಲೇ ನೋಡಿ ನಮ್ಮ ಹಣೆಬರಹ ತಿರುಗಿದ್ದು. ಆ ಡಿಶ್‌ನಿಂದ ಏನು ಹೋಗಬಹುದು? ನಕ್ಷೆ ಹೋಗಬಹುದು. ಲೆಕ್ಕ ಹೋಗಬಹುದು. ಮರಳು, ನೀರು, ಕುಲುಮೆ ಹೋಗಲ್ಲ. ತಲೆಯ ಕೆಲಸ ಇಲ್ಲಿ ಉಳೀತು, ಕೈಯ ಕೆಲಸ ಹೊರಗೆ ಹೋಯ್ತು.

ಅದೇ 1985ರಲ್ಲಿ ಇನ್ನೊಬ್ಬ ಮನುಷ್ಯ ಇನ್ನೊಂದು ದಾರಿ ಹಿಡಿದ. ಮೋರಿಸ್ ಚಾಂಗ್. 25 ವರ್ಷ ಇದೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ದುಡಿದವರು. ತೈವಾನ್ ಸರ್ಕಾರ ಕರೀತು, ಹೋದ್ರು. 1987ರಲ್ಲಿ ಟಿಎಸ್‌ಎಂಸಿ ಕಟ್ಟಿದ್ರು. ಬೇರೆಯವರು ಬರೆದ ನಕ್ಷೆಗೆ ಚಿಪ್ ಮಾಡಿಕೊಡೋದಷ್ಟೇ ನಮ್ಮ ಕಸುಬು ಅಂದ್ರು. ಇವತ್ತು ನಿಮ್ಮ ಕೈಯಲ್ಲಿರೋ ಮೊಬೈಲ್‌ನ ಚಿಪ್ ಅಲ್ಲಿಂದಲೇ ಬಂದಿರಬಹುದು. ಒಂದೇ ಕಂಪನಿಯ ಎರಡು ಕವಲು. ತೈವಾನ್‌ಗೆ ಕೈ ಸಿಕ್ತು, ಬೆಂಗಳೂರಿಗೆ ತಲೆ ಸಿಕ್ತು.

ನಮ್ಮ ದೇಶ ಕೈ ಹಾಕಲೇ ಇಲ್ವಾ? ಹಾಕಿತು. ಮೊಹಾಲಿಯಲ್ಲಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಕಟ್ಟಿ, 1984ರಲ್ಲಿ ಉತ್ಪಾದನೆ ಶುರು ಮಾಡಿತು. 1989ರ ಫೆಬ್ರವರಿ 7ರಂದು ಅದು ಹೊತ್ತಿ ಉರೀತು. ಮತ್ತೆ ಎದ್ದು ನಿಲ್ಲೋಕೆ ವರ್ಷಗಳೇ ಹಿಡಿದವು. ಚಿಪ್ ಜಗತ್ತಿನಲ್ಲಿ ಅಷ್ಟು ವರ್ಷ ಅಂದ್ರೆ ಒಂದು ತಲೆಮಾರು. ನಮ್ಮ ಕೈಗೆ ಚಿಪ್ ಬರಲಿಲ್ಲ, ಚಿಪ್ಪು ಬಂತು ಅಂತ ಗೊಣಗೋರು ಇವತ್ತಿಗೂ ಇದ್ದಾರೆ.

ಸರಿ, ನಮಗೆ ಸಿಕ್ಕಿದ ಆ ತಲೆಯ ಕೆಲಸ ಅಂದ್ರೆ ಏನು? ಜಯನಗರದ ನಕ್ಷೆ ಕಣ್ಮುಂದೆ ತಂದುಕೊಳ್ಳಿ. ಬ್ಲಾಕು, ಮೇನು, ಕ್ರಾಸು, ನೀರಿನ ಪೈಪು, ಕರೆಂಟಿನ ತಂತಿ. ಚಿಪ್ ಎಂಜಿನಿಯರುಗಳೂ ಹೇಳೋದು ಲೇಔಟ್, ಬ್ಲಾಕ್ ಅಂತಲೇ. ಬಿಟಿಎಂ ಲೇಔಟ್‌ನ ಪಿಜಿಯಲ್ಲಿ ಮಲಗಿ, ಆಫೀಸಿಗೆ ಹೋಗಿ ಚಿಪ್‌ನ ಲೇಔಟ್ ಹಾಕೋ ಹುಡುಗರು ಎಷ್ಟು ಜನ ಇಲ್ಲ! ವ್ಯತ್ಯಾಸ ಇಷ್ಟೇ. ಉಗುರಿನಷ್ಟು ಜಾಗದಲ್ಲಿ ಅವರು ಕೋಟಿಗಟ್ಟಲೆ ಮನೆ ಕೂರಿಸಬೇಕು. ಒಂದು ಮನೆಗೆ ಕರೆಂಟು ಹೋಗಲಿಲ್ಲ ಅಂದ್ರೆ ಲೈನ್‌ಮನ್ ಕಳಿಸೋಕಾಗಲ್ಲ.

2008ರಲ್ಲಿ ಇಂಟೆಲ್‌ನ ಝಿಯಾನ್ 7400 ಬಂತು. ವಿನ್ಯಾಸ ಮಾಡಿದ್ದು ಬೆಂಗಳೂರಿನ ತಂಡ. ಆರು ಕೋರ್, 45 ನ್ಯಾನೋಮೀಟರ್ ತಂತ್ರಜ್ಞಾನ. 45 ನ್ಯಾನೋಮೀಟರ್ ಅಂದ್ರೆ ಒಂದು ಕೂದಲನ್ನ ದಪ್ಪದಲ್ಲಿ ಸುಮಾರು ಎರಡು ಸಾವಿರ ಸೀಳು ಮಾಡಿದ್ರೆ ಅದರಲ್ಲಿ ಒಂದು ಸೀಳು. ಟ್ರಾನ್ಸಿಸ್ಟರ್ ಎಷ್ಟು? 190 ಕೋಟಿ. ಸೆಕೆಂಡಿಗೆ ಒಂದರಂತೆ ನೀವು ಊಟ, ನಿದ್ದೆ ಬಿಟ್ಟು ಪರೀಕ್ಷೆ ಮಾಡ್ತಾ ಕೂತ್ರೂ 60 ವರ್ಷ ಬೇಕು!

ಅದಕ್ಕೇ ಟೆಸ್ಟಿಂಗ್ ಅನ್ನೋದು ಕೊನೆಗೆ ಮಾಡೋ ಕೆಲಸ ಅಲ್ಲ, ಮೊದಲ ದಿನದಿಂದ ಮಾಡೋ ಕೆಲಸ. ಎರಡು ಹಂತ ಇದೆ. ಒಂದು, ಚಿಪ್ ಹುಟ್ಟೋ ಮುಂಚೆ ನಕ್ಷೆಯ ಪರೀಕ್ಷೆ. ಇದಕ್ಕೆ ವೆರಿಫಿಕೇಶನ್ ಅಂತಾರೆ. ಒಬ್ಬ ಎಂಜಿನಿಯರ್ ಬರೆದಿದ್ದನ್ನ ಇನ್ನೊಬ್ಬರು ಕೂತು, ಎಲ್ಲಿ ಮುರಿಯಬಹುದು ಅಂತ ಹುಡುಕೋದು. ಆಮೇಲೆ ಟೇಪ್ ಔಟ್, ಅಂದ್ರೆ ನಕ್ಷೆಯನ್ನ ಕಾರ್ಖಾನೆಗೆ ಒಪ್ಪಿಸೋದು. ಅಲ್ಲಿಗೆ ಕೈ ಜಾರಿತು. ಚಿಪ್ ಬರೋಕೆ ತಿಂಗಳುಗಟ್ಟಲೆ ಕಾಯಬೇಕು. ಎರಡು, ಹುಟ್ಟಿದ ಒಂದೊಂದು ಚಿಪ್‌ನ ಪರೀಕ್ಷೆ. ಒಂದು ಕಣ ಧೂಳು ಬಿದ್ರೂ ಚಿಪ್ ಸತ್ತ ಹಾಗೆ. ಬಿಚ್ಚಿ ನೋಡೋಕಾಗಲ್ಲ. ಹಾಗಾಗಿ ನಕ್ಷೆ ಬರೆಯುವಾಗಲೇ ಒಳಗೆ ಪರೀಕ್ಷೆಯ ದಾರಿ ಇಟ್ಟಿರ್ತಾರೆ. ಸರಕ್ಕೆ ಮಣಿ ಪೋಣಿಸಿದ ಹಾಗೆ ಒಳಗಿನ ನೆನಪಿನ ಕೋಶಗಳನ್ನ ಸಾಲಾಗಿ ಜೋಡಿಸಿ, ಒಂದು ತುದಿಯಿಂದ ಸೊನ್ನೆ, ಒಂದು ತಳ್ಳಿ, ಇನ್ನೊಂದು ತುದಿಯಲ್ಲಿ ಏನು ಬಂತು ಅಂತ ನೋಡ್ತಾರೆ. ಇದಕ್ಕೆ ಸ್ಕ್ಯಾನ್ ಚೈನ್ ಅಂತ ಹೆಸರು.

ಮಾಡದಿದ್ರೆ ಏನಾಗುತ್ತೆ? 1994ರಲ್ಲಿ ಇಂಟೆಲ್‌ನ ಪೆಂಟಿಯಂ ಚಿಪ್ ಭಾಗಾಕಾರ ತಪ್ಪು ಮಾಡ್ತಿತ್ತು. ಕಂಡುಹಿಡಿದಿದ್ದು ಥಾಮಸ್ ನೈಸ್ಲಿ ಅನ್ನೋ ಗಣಿತದ ಮೇಷ್ಟ್ರು. ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಮಾಡ್ತಾ ಇದ್ರು, ಉತ್ತರ ಹೊಂದಲಿಲ್ಲ. ಕಾರಣ? ಚಿಪ್ ಒಳಗಿನ ಒಂದು ಕೋಷ್ಟಕದಲ್ಲಿ ಐದು ಅಂಕಿ ಬಿಟ್ಟುಹೋಗಿತ್ತು. ಬರೀ ಐದು! ಕಂಪನಿ ಕಟ್ಟಿದ ದಂಡ 47.5 ಕೋಟಿ ಡಾಲರ್. ಆಂಟಿ, ಆ ‘ಬರೀ’ಯ ಬೆಲೆ ಇಷ್ಟು.

ನನ್ನದೂ ಒಂದು ಕಥೆ ಇದೆ. ಕಾಲೇಜಿನ ಲ್ಯಾಬ್‌ನಲ್ಲಿ ನನ್ನ ಸರ್ಕ್ಯೂಟ್ ಯಾವತ್ತೂ ಕೆಲಸ ಮಾಡ್ತಿರಲಿಲ್ಲ. "ಸರ್, ಐಸಿ ಹೋಗಿದೆ" ಅಂತಿದ್ದೆ. ಅಲ್ಲಿನ ಅಟೆಂಡರ್ ಒಂದು ಮಾತಾಡ್ತಿರಲಿಲ್ಲ. ಐಸಿ ಕಿತ್ತು ಟೆಸ್ಟರ್‌ಗೆ ಹಾಕಿ, ಗುಂಡಿ ಒತ್ತಿ, ನನ್ನ ಕಡೆ ತಿರುಗಿಸ್ತಿದ್ರು. ‘ಪಾಸ್’. ಅಂದ್ರೆ ಐಸಿ ಸರಿಯಿದೆ, ತಪ್ಪಿರೋದು ನಿನ್ನ ವೈರಿಂಗ್‌ನಲ್ಲಿ. ನಾಲ್ಕು ವರ್ಷದಲ್ಲಿ ನಾನು ಕಲಿತ ದೊಡ್ಡ ಪಾಠ ಅದೇ. ಬೇರೆಯವರ ಮೇಲೆ ತಪ್ಪು ಹೊರಿಸೋ ಮುಂಚೆ ಒಂದ್ಸಲ ಗುಂಡಿ ಒತ್ತಿ ನೋಡು.

ಇವತ್ತಿನ ಚರ್ಚೆಗೂ ಅದೇ ಗುಂಡಿ ಬೇಕು. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಚಿಪ್ ಉದ್ಯಮಕ್ಕೆ 76,000 ಕೋಟಿ ರೂಪಾಯಿಯ ಯೋಜನೆ ಘೋಷಿಸಿತು. ದೊಡ್ಡ ಕಾರ್ಖಾನೆ ಗುಜರಾತಿನ ಧೋಲೇರಾಕ್ಕೆ ಹೋಯ್ತು. ನಮ್ಮ ಮೈಸೂರಿನ ಕೇನ್ಸ್ ಕಂಪನಿ ಕೂಡ ಚಿಪ್ ಘಟಕಕ್ಕೆ ಸಾಣಂದ್‌ನಲ್ಲಿ ಜಾಗ ಹಿಡೀತು. ನಮ್ಮ ಸ್ಟುಡಿಯೋದಲ್ಲಿ ಕೂಗಾಟ: "ಕರ್ನಾಟಕಕ್ಕೆ ಅನ್ಯಾಯ!" ಆ ಚರ್ಚೆ ನಡೆಸಿದವನು ನಾನೇ. ಆದ್ರೆ ಸಿಲಿಕಾನ್ ತಟ್ಟೆ ತೊಳೆಯೋಕೆ ದಿನಾ ಬೇಕಾಗೋ ಲಕ್ಷಾಂತರ ಲೀಟರ್ ಶುದ್ಧ ನೀರು ಎಲ್ಲಿಂದ ತರ್ತೀರಿ ಅಂತ ಒಬ್ಬರನ್ನೂ ಕೇಳಲಿಲ್ಲ. 2024ರ ಬೇಸಿಗೆ ಮರೆತುಹೋಯ್ತಾ? ಜೆ.ಪಿ. ನಗರದ ಅಪಾರ್ಟ್‌ಮೆಂಟ್‌ಗಳು ಟ್ಯಾಂಕರ್‌ಗೆ ಕಾಯ್ತಾ ಕೂತಿದ್ವು. ಸುಮಾರು ನೂರು ಕಿಲೋಮೀಟರ್ ಆಚೆಯ ಕಾವೇರಿಯನ್ನ ಬೆಟ್ಟ ಹತ್ತಿಸಿ ತಂದು ಕುಡಿಯೋ ಊರು ನಮ್ಮದು.

ಹಾಗಂತ ಕೈ ಕಟ್ಟಿ ಕೂರಿ ಅಂತ ನಾನು ಹೇಳ್ತಿಲ್ಲ. ಕಾರ್ಖಾನೆ ಎಲ್ಲೇ ಏಳಲಿ, ಅದಕ್ಕೆ ನಕ್ಷೆ ಬೇಕು, ಪರೀಕ್ಷೆ ಬೇಕು. ಆ ಗಂಟು ನಮ್ಮ ಹತ್ತಿರ ಇದೆ. 2004ರಲ್ಲಿ ಶುರುವಾದ ಬೆಂಗಳೂರಿನ ಟೆಸಾಲ್ವ್ ಬೆಳೆದಿದ್ದೇ ಚಿಪ್ ಪರೀಕ್ಷೆಯನ್ನ ಕಸುಬು ಮಾಡ್ಕೊಂಡು. 2005ರಲ್ಲಿ ಹುಬ್ಬಳ್ಳಿಯಲ್ಲಿ ಸಂಕಲ್ಪ್ ಸೆಮಿಕಂಡಕ್ಟರ್ ಹುಟ್ಟಿತು, ಬೆಂಗಳೂರು ಬಿಟ್ಟೂ ಚಿಪ್ ವಿನ್ಯಾಸ ಮಾಡಬಹುದು ಅಂತ ತೋರಿಸಿತು. ನಮ್ಮ ಜಯನಗರದಲ್ಲೇ ಆರ್‌ವಿ-ವಿಎಲ್‌ಎಸ್‌ಐ ಕೇಂದ್ರ ಇದೆ, ಕಾಲೇಜು ಮುಗಿಸಿದವರಿಗೆ ಈ ಕೆಲಸವನ್ನೇ ಕಲಿಸುತ್ತೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದ ಕ್ಲೀನ್‌ರೂಮ್‌ನಲ್ಲಿ ವಿದ್ಯಾರ್ಥಿಗಳು ಇವತ್ತಿಗೂ ಕೈಯಾರೆ ಸಿಲಿಕಾನ್ ಮೇಲೆ ಸಾಧನ ಕೆತ್ತುತ್ತಾರೆ. ಜಾಲಹಳ್ಳಿಯ ಆ ಕೈ ಪೂರ್ತಿ ಸತ್ತಿಲ್ಲ.

ಸಾಯೋ ಭಯ ಇರೋದು ಇನ್ನೊಂದಕ್ಕೆ. ತಪ್ಪು ಹುಡುಕೋ ಕೆಲಸ ಎರಡನೇ ದರ್ಜೆಯದು ಅಂತ ನಾವು ಮನೆಮನೆಯಲ್ಲಿ ಮಾತಾಡ್ತೀವಲ್ಲ, ಆ ಮಾತು ಕೇಳಿ ಕೇಳಿ ಒಳ್ಳೆ ತಲೆಗಳು ಆ ಕಡೆ ಹೋಗೋದೇ ನಿಂತ್ರೆ? ನಕ್ಷೆ ಬರೆಯೋರು ಬೇಕಾದಷ್ಟು ಜನ ಸಿಗ್ತಾರೆ. ‘ಇದು ಸರಿ ಇಲ್ಲ, ಕಳಿಸಬೇಡಿ’ ಅಂತ ಟೇಪ್ ಔಟ್ ಹಿಂದಿನ ರಾತ್ರಿ ಹೇಳೋ ಧೈರ್ಯ ಇರೋರು ಸಿಗೋದು ಕಷ್ಟ. ನನ್ನ ಕಸುಬಿನಲ್ಲಿ ಆ ಧೈರ್ಯದ ಬರ ಎಷ್ಟಿದೆ ಅಂತ ನನಗೆ ಗೊತ್ತು. ಪರೀಕ್ಷೆ ಮಾಡದ ಸುದ್ದಿಯನ್ನ ಬ್ರೇಕಿಂಗ್ ಅಂತ ನಾನೂ ಓದಿದ್ದೀನಿ, ಮಾರನೇ ದಿನ ಕ್ಷಮೆ ಕೇಳಿದ್ದೀನಿ. ಚಿಪ್‌ನಲ್ಲಿ ಆ ಸೌಲಭ್ಯ ಇಲ್ಲ. ಅಚ್ಚಾದ ಮೇಲೆ ಮುಗೀತು.

ಹಾಗಾಗಿ ಆಂಟಿ, ನಿಮ್ಮ ಪ್ರಶ್ನೆಗೆ ಉತ್ತರ ಇದು. ನಿಮ್ಮ ಮಗಳಿಗೆ ಸಿಕ್ಕಿರೋದು ‘ಬರೀ’ ಕೆಲಸ ಅಲ್ಲ. ಎತ್ತಿನ ಗಾಡಿ ಮೇಲೆ ಉಪಗ್ರಹ ಇಟ್ಟು ನೋಡಿದವರ ಕೆಲಸ ಅದು. ಮನೆಗೆ ಯಾರಾದ್ರೂ ಬಂದು ಹುಡುಗಿ ಏನ್ ಮಾಡ್ತಾಳೆ ಅಂತ ಕೇಳಿದ್ರೆ, ತಲೆ ಎತ್ತಿ ಹೇಳಿ: ಅವಳು ಪಾಸ್ ಅಂದ್ರೆ ಮಾತ್ರ ಚಿಪ್ ಹೊರಗೆ ಹೋಗುತ್ತೆ.