ಕಪ್ಪು ಮೋಟಾರಿನ ಮೆರುಗು: ಲೇಪದ ಇತಿಹಾಸದಲ್ಲಿ ಪಾಲಿಷಿನ ಸ್ಥಾನ

ಕಪ್ಪು ಬಣ್ಣದ ಮೋಟಾರು ಗಾಡಿಗೆ ಕನ್ನಡಿಯ ಹೊಳಪು ಬರಬೇಕಾದರೆ ಯಾವ ಪಾಲಿಷನ್ನು ಆರಿಸಬೇಕೆಂಬುದು ಮೇಲುನೋಟಕ್ಕೆ ಅಂಗಡಿಯ ಪ್ರಶ್ನೆ. ಇತಿಹಾಸದ ವಿದ್ಯಾರ್ಥಿಗೆ ಅದರಿಂದೇನು ಎಂದು ವಾಚಕರು ಕೇಳಬಹುದು. ಆದರೆ ಈ ಆಯ್ಕೆಯಲ್ಲಿ ಇಂದಿಗೂ ನಡೆಯುತ್ತಿರುವ ತಪ್ಪುಗಳಲ್ಲಿ ಬಹುಭಾಗವು, ಒಂದು ಕಾಲದ ಲೇಪಕ್ಕಾಗಿ ಹುಟ್ಟಿದ ಪದ್ಧತಿಯನ್ನು ಮತ್ತೊಂದು ಕಾಲದ ಲೇಪಕ್ಕೆ ಅನ್ವಯಿಸುವುದರಿಂದ ಆಗಿರುವುದೆಂದು ನಮ್ಮ ಅಭಿಪ್ರಾಯ.

ಮೋಟಾರು ತನ್ನ ಮೊದಲ ದಿನಗಳಲ್ಲಿ ಸಾರೋಟಿನ ಬಣ್ಣಗಾರನನ್ನೇ ನೆಚ್ಚಿಕೊಂಡಿದ್ದಿತು. ಅಗಸೆ ಎಣ್ಣೆ, ರಾಳಗಳಿಂದಾದ ವಾರ್ನಿಷನ್ನು ಪದರಪದರವಾಗಿ ಹಚ್ಚಿ, ಒಂದೊಂದು ಪದರವೂ ಒಣಗಿದ ಮೇಲೆ ಪ್ಯೂಮಿಸ್ ಕಲ್ಲಿನ ನುಣ್ಪುಡಿ ಮತ್ತು ನೀರಿನಿಂದ ತಿಕ್ಕಿ ಸಮಮಾಡುತ್ತಿದ್ದರು. ಒಂದು ಗಾಡಿಗೆ ಹಲವು ವಾರಗಳು ಹಿಡಿಯುತ್ತಿದ್ದವು. ತಿಕ್ಕುವ ಕೆಲಸವೆಲ್ಲ ಒಳಪದರಗಳಲ್ಲೇ ಮುಗಿಯುತ್ತಿದ್ದಿತು. ಕಡೆಯ ವಾರ್ನಿಷು ತಾನೇ ಹರಿದು, ತಾನೇ ಮಟ್ಟಗೊಂಡು ಹೊಳೆಯುತ್ತಿದ್ದುದರಿಂದ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಕಪ್ಪಿನ ಪ್ರಾಬಲ್ಯ ಫೋರ್ಡ್ ಕಂಪನಿಯ ‘ಮಾದರಿ ಟಿ’ ಗಾಡಿಯಿಂದ ಬಂದಿತು. 1908ರಲ್ಲಿ ಹೊರಬಂದ ಈ ಗಾಡಿ ಮೊದಲ ವರ್ಷಗಳಲ್ಲಿ ಬೂದು, ಹಸಿರು, ಕೆಂಪು ಮುಂತಾದ ಬಣ್ಣಗಳಲ್ಲಿ ದೊರೆಯುತ್ತಿದ್ದಿತೆಂಬುದು ಅನೇಕರಿಗೆ ತಿಳಿಯದು. 1914ರಿಂದ 1925ರವರೆಗೆ ಮಾತ್ರ ಅದು ಕೇವಲ ಕಪ್ಪು. ಕಪ್ಪು ಬೇಗ ಒಣಗುತ್ತಿದ್ದುದೇ ಇದಕ್ಕೆ ಕಾರಣವೆಂದು ಪಠ್ಯಗ್ರಂಥಗಳಲ್ಲಿಯೂ ಕಾಣುತ್ತೇವೆ. ಈ ಉತ್ತರ ನಮಗೆ ಪೂರ್ಣವೆಂದು ತೋರುವುದಿಲ್ಲ. ಅಸ್ಫಾಲ್ಟನ್ನು ಎಣ್ಣೆಯೊಡನೆ ಬೆರೆಸಿದ ‘ಜಪಾನ್ ಕಪ್ಪು’ ಬೇಗ ಗಟ್ಟಿಯಾಗುತ್ತಿದ್ದುದು ಒಲೆಯ ಹೆಚ್ಚಿನ ಕಾವಿನಲ್ಲಿ. (ಜಪಾನಿನ ಮೆರುಗೆಣ್ಣೆಯ ಕೆಲಸವನ್ನು ಅನುಕರಿಸಹೊರಟ ಯೂರೋಪಿನ ಕುಶಲಿಗಳಿಂದ ಬಂದ ಹೆಸರಿದು.) ಲೋಹದ ಬಿಡಿಭಾಗಗಳಿಗೆ ಈ ಕ್ರಮ ಒಪ್ಪುತ್ತಿದ್ದಿತು, ಆದರೆ ಗಾಡಿಯ ಒಡಲಿನೊಳಗೆ ಮರದ ಚೌಕಟ್ಟಿದ್ದುದರಿಂದ ಅದನ್ನು ಅಂಥ ಕಾವಿನಲ್ಲಿ ಇಡುವಂತಿರಲಿಲ್ಲ. ಅದಕ್ಕೆ ಬೇರೆ ಬಗೆಯ ಕಪ್ಪು ಬೇಕಾಯಿತು. ಅಂದರೆ ಒಂದೇ ಗಾಡಿಯ ಒಂದೇ ಕಪ್ಪಿನ ಕೆಳಗೆ ಹಲವು ಬಗೆಯ ಲೇಪಗಳಿದ್ದವು. ಅಗ್ಗ, ಬಾಳಿಕೆ, ಭಾಗಗಳ ಏಕರೂಪತೆ, ಈ ಮೂರೂ ಸೇರಿ ಕಪ್ಪನ್ನು ಉಳಿಸಿದವೆಂದು ಹೇಳುವುದು ಹೆಚ್ಚು ಸಮಂಜಸ.

ಪಾಲಿಷಿಗೆ ನಿಜವಾದ ಪ್ರಾಧಾನ್ಯ ಬಂದುದು ನೈಟ್ರೋಸೆಲ್ಯುಲೋಸ್ ಲೇಪದಿಂದ. ಡೂಪಾಂಟ್ ಕಂಪನಿಯ ‘ಡೂಕೋ’ವನ್ನು ಜನರಲ್ ಮೋಟಾರ್ಸ್ ಸಂಸ್ಥೆ 1924ರ ಮಾದರಿಯ ಓಕ್‌ಲೆಂಡ್ ಗಾಡಿಗಳಿಗೆ ಬಳಸಿತು. ದ್ರಾವಕ ಆರಿಹೋದೊಡನೆ ಲೇಪ ಗಟ್ಟಿಯಾಗುತ್ತಿದ್ದುದರಿಂದ ವಾರಗಳ ಕೆಲಸ ದಿನಗಳಿಗಿಳಿಯಿತು. ಆದರೆ ಅಷ್ಟು ಬೇಗ ಆರುವ ಲೇಪಕ್ಕೆ ಹರಿದು ಸಮನಾಗಲು ವ್ಯವಧಾನವೆಲ್ಲಿ? ಮೈ ಮಂಕಾಗಿ, ತುಸು ತರಿಯಾಗಿ ನಿಲ್ಲುತ್ತಿದ್ದಿತು. ಹೊಳಪನ್ನು ತೋಳಿನ ಬಲದಿಂದಲೇ ಹೊರಡಿಸಬೇಕಾಯಿತು. ತರಿಯುಳ್ಳ ಉಜ್ಜುಮುದ್ದೆ, ಬಳಿಕ ನುಣುಪಾದ ಪಾಲಿಷು, ಕಡೆಗೆ ಬ್ರಜಿಲಿನ ಕಾರ್ನೌಬ ತಾಳೆಯ ಎಲೆಯಿಂದ ದೊರೆಯುವ ಗಟ್ಟಿ ಮೇಣ ಎಂಬ ಪರಂಪರೆ ಬಲಗೊಂಡುದು ಈ ಲೇಪದ ಮೇಲೆಯೇ. ಲೇಪ ದಪ್ಪವಾಗಿದ್ದುದರಿಂದ ಅಷ್ಟಿಷ್ಟು ಸವೆದರೂ ಕೇಡಿರಲಿಲ್ಲ.

1980ರ ದಶಕದ ಹೊತ್ತಿಗೆ ಬಣ್ಣದ ಮೇಲೆ ಪಾರದರ್ಶಕ ಲೇಪವೊಂದನ್ನು ಹಚ್ಚುವ ಪದ್ಧತಿ ವ್ಯಾಪಕವಾಯಿತು. ಹೊಳಪು ಮತ್ತೆ ಲೇಪದ ಹರಿವಿನಿಂದಲೇ ದೊರೆಯತೊಡಗಿತು. ಸಾರೋಟಿನ ವಾರ್ನಿಷು ಬೇರೆ ವೇಷದಲ್ಲಿ ಹಿಂದಿರುಗಿತೆನ್ನಬಹುದು. ಈ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ಕಡಿಮೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ದ್ರವ್ಯಗಳೂ ಅದರಲ್ಲಿಯೇ ಇರುತ್ತವೆ. ಲ್ಯಾಕರ್ ಯುಗದ ಅಭ್ಯಾಸದಿಂದ ವರ್ಷಕ್ಕೊಮ್ಮೆ ತರಿಪಾಲಿಷಿನಿಂದ ಉಜ್ಜುವವನು ಮರಳಿ ಪಡೆಯಲಾಗದ ವಸ್ತುವನ್ನು ಒರೆಸಿಹಾಕುತ್ತಿದ್ದಾನೆ.

ಕಪ್ಪಿನಲ್ಲಿ ಈ ಆಮಿಷ ಹೆಚ್ಚು. ಅದಕ್ಕೆ ಭೌತಿಕ ಕಾರಣವುಂಟು. ಲೇಪದ ಮೇಲ್ಮೈ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡ 4ರಷ್ಟನ್ನು ಮಾತ್ರ ಹಿಂದಕ್ಕೆ ಕಳುಹಿಸುತ್ತದೆ. ಉಳಿದುದನ್ನು ಕಪ್ಪು ನುಂಗಿಬಿಡುತ್ತದೆ. ಹೀಗಿರಲಾಗಿ ಗೀರೊಂದು ಚೆದರಿಸಿದ ಅಲ್ಪ ಬೆಳಕೂ ಎದ್ದು ಕಾಣುತ್ತದೆ. ಬಿಳಿಯಲ್ಲಿ ಬಣ್ಣವೇ ಬೆಳಕನ್ನು ಚೆದರಿಸುವುದರಿಂದ ಅದೇ ಗೀರು ಅಡಗಿಹೋಗುತ್ತದೆ. ದೀಪದ ಬಿಂಬದ ಸುತ್ತ ಜೇಡರ ಬಲೆಯಂತೆ ತೋರುವ ವರ್ತುಲಗಳು ನಿಜವಾಗಿ ವರ್ತುಲಗಳಲ್ಲ. ಎಲ್ಲ ದಿಕ್ಕಿನ ಗೀರುಗಳಲ್ಲಿ ಕಣ್ಣಿಗೆ ಬೆಳಕನ್ನು ತಿರುಗಿಸುವಂಥವು ಮಾತ್ರ ಹಾಗೆ ಮಿನುಗುತ್ತವೆ. ಮೇಣ ಈ ಗೀರುಗಳನ್ನು ತುಂಬಿ ಮರೆಸುತ್ತದೆ. ಪಾಲಿಷು ಸುತ್ತಲಿನ ಲೇಪವನ್ನೇ ಸವೆಸಿ ಅಳಿಸುತ್ತದೆ. ಅಂಗಡಿಯಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ವಿಷಾದಕರ.

ಆದಕಾರಣ ಪಾಲಿಷನ್ನು ಆರಿಸುವ ಮೊದಲು ಲೇಪ ಯಾವ ಕಾಲದ್ದೆಂದು ಅರಿಯಬೇಕು. ಮರೆಯಾದ ಮೂಲೆಯೊಂದರಲ್ಲಿ ಅತಿ ನುಣುಪಾದ ಪಾಲಿಷನ್ನು ಬಿಳಿ ಬಟ್ಟೆಗೆ ಹಚ್ಚಿ ಮೆಲ್ಲನೆ ಉಜ್ಜಿದರೆ ಸಾಕು. ಬಟ್ಟೆಗೆ ಕಪ್ಪು ಹತ್ತಿದರೆ ಬಣ್ಣವೇ ಮೇಲ್ಪದರ. ಅದು ಹಳೆಯ ಕ್ರಮದ ಲೇಪ, ಮಂಕಾದ ಭಾಗವನ್ನು ಹಂತಹಂತವಾಗಿ ತೆಗೆಯಲು ಅವಕಾಶವುಂಟು. ಬಟ್ಟೆಗೆ ಕಪ್ಪು ಹತ್ತದಿದ್ದರೆ ಮೇಲಿರುವುದು ಪಾರದರ್ಶಕ ಲೇಪ. ಅಲ್ಲಿ ನುಣುಪಾದ ಪಾಲಿಷಿನಿಂದ ಹೋಗದ ಆಳದ ಗೀರನ್ನು ಮೇಣದಿಂದ ಮರೆಸಿ ಹಾಗೆಯೇ ಬಿಡುವುದು ಲೇಸು.